ಕಡಿಮೆ ಬಜೆಟ್‌ನಲ್ಲಿ ಏರ್ ಪಿಸ್ತೂಲ್: ಹೊಸದೋ, ಸೆಕೆಂಡ್ ಹ್ಯಾಂಡೋ?

ಮಂಗಳೂರಿನಲ್ಲಿ 10 ಮೀಟರ್ ಸ್ಪರ್ಧೆಗೆ ತಯಾರಾಗಲು ಅಗ್ಗದ ಹೊಸ ಏರ್ ಪಿಸ್ತೂಲ್ ಒಳ್ಳೆಯದೋ, ಮೋರಿನಿ ಅಥವಾ ಸ್ಟೈರ್‌ನಂಥ ಹೆಸರಾಂತ ಕಂಪನಿಯ ಹಳೆಯ ಪಿಸ್ತೂಲ್ ಒಳ್ಳೆಯದೋ ಅಂತ ಕೇಳಿದ್ದೀರಿ. ಸ್ಥಿತಿ ಚೆನ್ನಾಗಿದ್ದರೆ ಹಳೆಯದನ್ನೇ ತಗೊಳ್ಳಿ. ಸ್ಪರ್ಧೆಯ ನಿಯಮದಂತೆ ಟ್ರಿಗರ್ ಭಾರ (ಅದನ್ನು ಎಳೆಯಲು ಬೇಕಾದ ಬಲ) ಕನಿಷ್ಠ 500 ಗ್ರಾಂ ಇರಬೇಕು, ಆದರೆ ಅಗ್ಗದ ಪಿಸ್ತೂಲಿನಲ್ಲಿ ಅದು ಒಮ್ಮೆ ಹಗುರ ಒಮ್ಮೆ ಬಿಗಿ ಆಗುತ್ತಿದ್ದರೆ ಗುರಿ ತಪ್ಪಿದ್ದು ಕೈಯಿಂದಲೋ ಪಿಸ್ತೂಲಿನಿಂದಲೋ ಗೊತ್ತೇ ಆಗುವುದಿಲ್ಲ, ಅಲ್ವಾ? ಕಲಿಯುವವರಿಗೆ ಇದಕ್ಕಿಂತ ದೊಡ್ಡ ನಷ್ಟ ಇಲ್ಲ.

ಹಳೆಯದರಲ್ಲಿ ಮೊದಲು ಗಾಳಿ ತುಂಬುವ ಸಿಲಿಂಡರ್ ಮೇಲಿನ ತಯಾರಿಕೆಯ ತಾರೀಖು ನೋಡಿ. ಸಾಮಾನ್ಯವಾಗಿ ಅದರ ಆಯಸ್ಸು 10 ವರ್ಷ. ದಾಟಿದ್ದರೆ ಹೊಸ ಸಿಲಿಂಡರಿನ ಬೆಲೆ ಕಳೆದೇ ಚೌಕಾಸಿ ಮಾಡಿ. ಗಾಳಿ ತುಂಬಿಸಿ ಒಂದು ರಾತ್ರಿ ಬಿಡಿ, ಬೆಳಿಗ್ಗೆ ಒತ್ತಡ ತೋರಿಸುವ ಮುಳ್ಳು ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ನಮ್ಮ ಉಪ್ಪುಗಾಳಿಗೆ ತುಕ್ಕು ಬೇಗ, ಸ್ಕ್ರೂಗಳನ್ನೂ ನೋಡಿ.