ರಬ್ಬರನ್ನು ಆಚೆ ಇಡಿ

ಮಂಡ್ಯದ ಓದುಗರೊಬ್ಬರು ದೊಡ್ಡ ಕಾಗದ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುತ್ತಿಲ್ಲ. ಸಾರಾಂಶ ಇಷ್ಟು. ಅವರ ಹತ್ತಿರ 412 ಗ್ರಾಮಫೋನ್ ಪ್ಲೇಟುಗಳಿವೆ. ಕರ್ನಾಟಕ ಸಂಗೀತ, ಹಿಂದೂಸ್ತಾನಿ, ಭಾವಗೀತೆ, ಸಿನಿಮಾ ಹಾಡು, ಇಂಗ್ಲಿಷ್ ಪಾಪ್, ಜಾಝ್ ಎಲ್ಲವೂ ಉಂಟು. ಕೆಲಸದಲ್ಲಿದ್ದಾಗಿನಿಂದಲೂ ಒಂದೊಂದು ಪ್ಲೇಟನ್ನೂ ಕೇಳಿ, ಹತ್ತಕ್ಕೆ ಇಷ್ಟು ಎಂದು ಅಂಕ ಹಾಕಿ, ಉದ್ದನೆಯ ಲೆಜರ್ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ಈಚೆಗೆ ಊರಿಗೆ ಬಂದ ಅವರ ಭಾವಮೈದುನ, ಸಂಗೀತದಲ್ಲಿ ವಿದ್ವತ್ ಪರೀಕ್ಷೆ ಮುಗಿಸಿದವರು, ಆ ಪುಸ್ತಕ ತಿರುವಿ ಹಾಕಿ, "ಚೌಡಯ್ಯನವರಿಗೆ ಎಂಟು, ಅದರ ಕೆಳಗಿನ ಸಾಲಲ್ಲೇ ಸಿನಿಮಾಕ್ಕೆ ಒಂಬತ್ತು! ವಿದ್ವಾಂಸರಿಗೆ ಅಂಕ ಹಾಕೋಕೆ ನೀವ್ಯಾರು ಭಾವ?" ಎಂದರಂತೆ. ಅಂದಿನಿಂದ ಇವರಿಗೆ ಬರೆಯಲು ಕೈ ಬರುತ್ತಿಲ್ಲ. "ಲೆಜರ್ ಮುಚ್ಚಿಟ್ಟುಬಿಡಲೇ? ತಿಳಿದವರಿಂದ ನೂರು ಶ್ರೇಷ್ಠ ಪ್ಲೇಟುಗಳ ಪಟ್ಟಿ ಮಾಡಿಸಿ ನಿಮ್ಮ ಪತ್ರಿಕೆಯಲ್ಲಿ ಹಾಕಿದರೆ ಅದನ್ನೇ ಇಟ್ಟುಕೊಳ್ಳುತ್ತೇನೆ" ಎಂದು ಕೇಳಿದ್ದಾರೆ. ಜೊತೆಗೆ ಲೆಜರಿನ ನಾಲ್ಕು ಪುಟಗಳ ಜೆರಾಕ್ಸ್ ಇಟ್ಟಿದ್ದಾರೆ.

ಮಾನ್ಯರೇ,

ಲೆಜರ್ ಮುಚ್ಚಬೇಡಿ. ಪಟ್ಟಿಯನ್ನು ನಾನು ಮಾಡಿಸುವುದಿಲ್ಲ. ಕೇಳಿದ್ದಕ್ಕೆ ಉತ್ತರ ಇಷ್ಟೇ, ಆದರೆ ನೀವು ಮುಟ್ಟಿರುವುದು ನನಗೆ ಬಹಳ ಬೇಕಾದ ವಿಷಯ. ಇಷ್ಟಕ್ಕೇ ಬಿಡಲಾರೆ.

ನಿಮ್ಮ ಭಾವಮೈದುನರ ಮಾತಿನಲ್ಲಿ ಹುರುಳಿಲ್ಲ ಎಂದು ಹೇಳುವುದಿಲ್ಲ. ಕಚೇರಿಯಲ್ಲಿ ಒಂದು ರಾಗ-ತಾನ-ಪಲ್ಲವಿ ಗಂಟೆಯ ಮೇಲೂ ಬೆಳೆಯುತ್ತದೆ. ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತಿಂಚಿನ ಹಳೆಯ ಪ್ಲೇಟಿನ ಒಂದು ಸೈಡಿಗೆ ಹಿಡಿಸುತ್ತಿದ್ದದ್ದು ಮೂರು, ಮೂರೂವರೆ ನಿಮಿಷ. 1948ರಲ್ಲಿ ಎಲ್‌ಪಿ ಎಂಬ ನಿಧಾನ ತಿರುಗುವ ಪ್ಲೇಟು ಬಂದ ಮೇಲೂ ಸೈಡಿಗೆ ಇಪ್ಪತ್ತು, ಇಪ್ಪತ್ತೈದು ನಿಮಿಷ. ತಿರುಮಕೂಡಲಿನಿಂದ ಬಂದು, ಬಿಡಾರಂ ಕೃಷ್ಣಪ್ಪನವರಲ್ಲಿ ಕಲಿತು, ಸಭೆಯ ಕೊನೆಯ ಸಾಲಿಗೂ ನಾದ ಮುಟ್ಟಬೇಕೆಂದು ಪಿಟೀಲಿಗೆ ಏಳು ತಂತಿ ಕಟ್ಟಿದ ಮಹಾನುಭಾವರನ್ನು ಮೂರು ನಿಮಿಷದಲ್ಲಿ ಅಳೆಯುತ್ತೇನೆ ಅಂದರೆ ಬೊಗಸೆಯಲ್ಲಿ ಕಾವೇರಿ ಅಳೆದ ಹಾಗೆ. ಒಪ್ಪಿದೆ. ಆದರೆ ಸ್ವಾಮಿ, ನೀವು ಚೌಡಯ್ಯನವರಿಗೆ ಎಲ್ಲಿ ಅಂಕ ಹಾಕಿದಿರಿ? ಆ ಪ್ಲೇಟು, ಆ ಮುಳ್ಳು, ಆ ಸಂಜೆ, ನಿಮ್ಮ ಕಿವಿ, ಇವಿಷ್ಟೂ ಕೂಡಿದಾಗ ನಿಮ್ಮೊಳಗೆ ಏನಾಯಿತೋ ಅದಕ್ಕೆ ಹಾಕಿದಿರಿ. ಅದಕ್ಕೆ ಅಂಕ ಹಾಕುವ ಅಧಿಕಾರ ಲೋಕದಲ್ಲಿ ನಿಮಗೊಬ್ಬರಿಗೇ ಇರುವುದು.

ಇನ್ನು ಆ "ಸಿನಿಮಾಕ್ಕೆ ಒಂಬತ್ತು". ಜೆರಾಕ್ಸ್ ನೋಡಿದೆ. ಅದು 1966ರ "ಸಂಧ್ಯಾರಾಗ". ಅದರಲ್ಲಿ ಭೀಮಸೇನ ಜೋಶಿ ಹಾಡಿದ್ದಾರೆ, ಬಾಲಮುರಳಿಕೃಷ್ಣ ಹಾಡಿದ್ದಾರೆ. ಈ ಪ್ಲೇಟನ್ನು ಹಿಂದೂಸ್ತಾನಿಯ ಕಪಾಟಿನಲ್ಲಿ ಇಡಬೇಕೋ, ಕರ್ನಾಟಕದ್ದರಲ್ಲೋ, ಸಿನಿಮಾದ್ದರಲ್ಲೋ, ನಿಮ್ಮ ಭಾವಮೈದುನರನ್ನೇ ಕೇಳಿ. ಅದೇ ಭೀಮಸೇನರು ಹುಡುಗನಾಗಿದ್ದಾಗ ಅಬ್ದುಲ್ ಕರೀಂ ಖಾನ್ ಸಾಹೇಬರ ಝಿಂಝೋಟಿ ಠುಮ್ರಿಯ ಪ್ಲೇಟು ಕೇಳಿ, ಹಾಡಿದರೆ ಹೀಗೆ ಹಾಡಬೇಕು ಎಂದು ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಹೋದರು. ಗದಗದ ಆ ಹುಡುಗ ಯಾವ ಪರೀಕ್ಷೆ ಪಾಸು ಮಾಡಿದ್ದ? ಅವತ್ತು ಅವನು ಆ ಪ್ಲೇಟಿಗೆ ಹತ್ತಕ್ಕೆ ಹತ್ತು ಹಾಕಿದ, ತನ್ನ ಬದುಕನ್ನೇ ಅದರ ಎದುರಿಗೆ ಬರೆದುಕೊಟ್ಟ.

ಬೇರೆ ಬೇರೆ ಸಂಗೀತವನ್ನು ಒಂದೇ ಪಂಕ್ತಿಯಲ್ಲಿ ಕೂರಿಸುವುದು ನಮ್ಮ ಸೀಮೆಗೆ ಹೊಸದೂ ಅಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಪ್ಲೇಟಿಗೆ ಹಾಡಿ, ಹಾಡಿನ ಕೊನೆಗೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ತಾನೇ ಕೂಗಿ ಹೇಳುತ್ತಿದ್ದ ಗೌಹರ್ ಜಾನ್ ಕೊನೆಗಾಲದಲ್ಲಿ ನಾಲ್ವಡಿಯವರ ಆಶ್ರಯಕ್ಕೆ ಬಂದು, 1930ರ ಜನವರಿ 17ರಂದು ಇದೇ ಮೈಸೂರಿನಲ್ಲಿ ಕಣ್ಣು ಮುಚ್ಚಿದರು. ಮುಂದೆ ಜಯಚಾಮರಾಜ ಒಡೆಯರು. ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿದ ವಾಗ್ಗೇಯಕಾರರು ಅವರು. ಲಂಡನ್ನಿನಲ್ಲಿ ಕಾಯಿಲೆ ಬಿದ್ದಿದ್ದ, ಲೋಕ ಮರೆತುಬಿಟ್ಟಿದ್ದ ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ನರ ಪಿಯಾನೋ ಸಂಗೀತ ಇಂಥವರ ಮನಸ್ಸಿಗೆ ಹಿಡಿಯಿತು. ಮೆಟ್ನರ್ ಸೊಸೈಟಿ ಎಂದು ಕಟ್ಟಿ, ಹಣ ಕೊಟ್ಟು, ಆ ಮುದುಕರ ಕೈಯಲ್ಲೇ ನುಡಿಸಿ ಎಚ್‌ಎಂವಿ ಗ್ರಾಮಫೋನ್ ಕಂಪನಿಯಿಂದ ಪ್ಲೇಟು ಮಾಡಿಸಿದರು. ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕಾನ್ಸರ್ಟೊವನ್ನು ಮೈಸೂರು ಮಹಾರಾಜರಿಗೇ ಅರ್ಪಿಸಿದರು. 1951ರಲ್ಲಿ ಅವರು ತೀರಿಕೊಂಡರು, ಪ್ಲೇಟುಗಳು ಉಳಿದವು. ತಿಳಿದವರ ಪಟ್ಟಿ ನೋಡಿಕೊಂಡು ಕೂತಿದ್ದರೆ ಮಹಾರಾಜರು ಮೆಟ್ನರ್ ಹೆಸರನ್ನು ಹುಡುಕಿ ತೆಗೆಯುತ್ತಿರಲಿಲ್ಲ. ತಮ್ಮ ಕಿವಿಯನ್ನು ನಂಬಿದರು. ಅರಮನೆಯಲ್ಲಿ ದೊರೆಗೆ ಇದ್ದ ಆ ಹಕ್ಕು ಮಂಡ್ಯದ ನಿಮ್ಮ ನಡುಮನೆಯಲ್ಲಿ ನಿಮಗೂ ಇದೆ.

ಪಟ್ಟಿ ಅಂದಿರಲ್ಲ, ಅದರ ಕಥೆಯನ್ನೂ ಕೇಳಿ. ಅಮೆರಿಕದ ರೋಲಿಂಗ್ ಸ್ಟೋನ್ ಪತ್ರಿಕೆ 2003ರಲ್ಲಿ ಸಂಗೀತಗಾರರನ್ನೂ ವಿಮರ್ಶಕರನ್ನೂ ಕೇಳಿ 500 ಶ್ರೇಷ್ಠ ಆಲ್ಬಂಗಳ ಪಟ್ಟಿ ಮಾಡಿತು. ಮೊದಲ ಸ್ಥಾನ ಬೀಟಲ್ಸ್ ತಂಡದ "ಸಾರ್ಜೆಂಟ್ ಪೆಪ್ಪರ್"ಗೆ. 2020ರಲ್ಲಿ ಅದೇ ಪತ್ರಿಕೆ ಮತ್ತೆ ಕೇಳಿತು. ಮೊದಲ ಸ್ಥಾನ ಗಾಯಕ ಮಾರ್ವಿನ್ ಗೇ ಅವರ ಆಲ್ಬಂಗೆ ಹೋಯಿತು, ಸಾರ್ಜೆಂಟ್ ಪೆಪ್ಪರ್ 24ಕ್ಕೆ ಇಳಿಯಿತು. ಹದಿನೇಳು ವರ್ಷದಲ್ಲಿ ಪ್ಲೇಟಿನ ಒಂದು ಸ್ವರವೂ ಬದಲಾಗಿರಲಿಲ್ಲ. ಕೇಳಿದವರು ಬದಲಾಗಿದ್ದರು. ನೂರಾರು ಜನ ಸೇರಿ ಮಾಡಿದ್ದೇ ಹೀಗೆ ಹೊರಳುವುದಾದರೆ, ಒಬ್ಬ ಮನುಷ್ಯ ತನ್ನ ಮನೆಯಲ್ಲಿ ಕೂತು, ತಾನು ಹೇಗೆ ಹೊರಳಿದೆ ಎಂದು ಬರೆದಿಟ್ಟುಕೊಳ್ಳುವುದು ಕಡಿಮೆ ಕೆಲಸವೇ?

ಇಲ್ಲಿಗೇ ಬಂತು ನೋಡಿ ನಿಮ್ಮ ಮೇಲಿನ ನನ್ನ ಸಿಟ್ಟು. ಆ ನಾಲ್ಕು ಪುಟಗಳಲ್ಲಿ ಅಲ್ಲಲ್ಲಿ ಅಂಕದ ಕಾಲಂ ಮಸಿ ಮಸಿಯಾಗಿದೆ. ಜೆರಾಕ್ಸಿನವನ ತಪ್ಪೇನೋ ಎಂದುಕೊಂಡೆ. ಅಲ್ಲ. ಅಭಿಪ್ರಾಯ ಬದಲಾದಾಗಲೆಲ್ಲ ನೀವು ಹಳೆಯ ಅಂಕವನ್ನು ರಬ್ಬರಿನಿಂದ ಉಜ್ಜಿ ಹೊಸದು ಬರೆದಿದ್ದೀರಿ. ಏಕೆ ಅಳಿಸಿದಿರಿ? ಯಾರಿಗೆ ಲೆಕ್ಕ ಒಪ್ಪಿಸಬೇಕಿತ್ತು?

ನಮ್ಮ ಸೋದರಮಾವ ಚಾಮರಾಜಪುರಂನಲ್ಲಿದ್ದರು. ಭಾನುವಾರ ಸಂಜೆ ಕಾಫಿ ಆದಮೇಲೆ ಎಚ್‌ಎಂವಿ ಫಿಯೆಸ್ಟಾ ಎಂಬ ಪ್ಲೇಟು ನುಡಿಸುವ ಪೆಟ್ಟಿಗೆಯನ್ನು ಕಿಟಕಿಯ ಕೆಳಗೆ ಇಟ್ಟು ಮುಚ್ಚಳ ತೆಗೆಯುವರು. ಪ್ಲೇಟನ್ನು ಎರಡು ಅಂಗೈಗಳ ನಡುವೆ, ಅಂಚು ಮಾತ್ರ ತಾಗುವ ಹಾಗೆ ಹಿಡಿದು, ಹಳೆಯ ಮಗುಟದ ತುಂಡಿನಿಂದ ಸುತ್ತ ಒಮ್ಮೆ ಒರೆಸುವರು. ಮುಳ್ಳು ಇಳಿದ ಮೇಲೆ ಮನೆಯಲ್ಲಿ ಮಾತಿಲ್ಲ. ಹಾಲಿನವನು ಬಂದರೂ ಕೈಸನ್ನೆಯೇ. ಅವರು ಪುಸ್ತಕ ಇಟ್ಟವರಲ್ಲ, ಕವರಿನ ಹಿಂಬದಿಯ ಮೂಲೆಯಲ್ಲೇ ಪೆನ್ಸಿಲಿನಲ್ಲಿ ಬರೆಯುತ್ತಿದ್ದರು. ಈಗ ನನ್ನ ಮುಂದೆ ಇರುವುದು 1967ರ "ಕಾಲ್ ಆಫ್ ದ ವ್ಯಾಲಿ". ಶಿವಕುಮಾರ ಶರ್ಮರ ಸಂತೂರ್, ಹರಿಪ್ರಸಾದ್ ಚೌರಾಸಿಯಾರ ಕೊಳಲು, ಬ್ರಿಜ್ ಭೂಷಣ್ ಕಾಬ್ರಾರ ಗಿಟಾರ್, ಕಾಶ್ಮೀರದ ಕುರಿಗಾಹಿಯ ಒಂದು ದಿನ. ಮೂಲೆಯಲ್ಲಿ ಹೀಗಿದೆ: "4. ಗಿಟಾರ್ ಯಾಕೆ? 12-8-73." ಅದರ ಮೇಲೊಂದು ಗೆರೆ. "6. ಮಳೆ. 1-7-79." ಮತ್ತೊಂದು ಗೆರೆ. "9. ಒಬ್ಬನೇ ಕೇಳಿದೆ. 24-1-88."

ನಮ್ಮತ್ತೆ ತೀರಿಕೊಂಡದ್ದು 1987ರ ನವೆಂಬರಿನಲ್ಲಿ. ಮಾವ ಆ ನಾಲ್ಕನ್ನೂ ಆರನ್ನೂ ರಬ್ಬರಿನಲ್ಲಿ ಉಜ್ಜಿದ್ದರೆ ನನಗೆ ಉಳಿಯುತ್ತಿದ್ದದ್ದು ಒಂದು ಒಂಬತ್ತು ಮಾತ್ರ.

ಇನ್ನೂ ಒಂದೆರಡು ದೂರುಗಳಿವೆ, ಬೇಸರ ಮಾಡಿಕೊಳ್ಳಬೇಡಿ. ನಾಲ್ಕು ಪುಟದಲ್ಲಿ 14 ಪ್ಲೇಟಿಗೆ ಹತ್ತಕ್ಕೆ ಹತ್ತು ಬಿದ್ದಿದೆ. ಕಾಳಿಂಗರಾಯರಿಗೆ ಹಾಕಿದ್ದೀರಿ, ನನ್ನದೂ ಅಷ್ಟೇ. ಆದರೆ ಹತ್ತು ಅನ್ನುವುದನ್ನು ಮದುವೆ ಮನೆಯ ಪಾಯಸದ ಹಾಗೆ ಎಲೆಎಲೆಗೂ ಬಡಿಸಿಕೊಂಡು ಹೋದರೆ ರುಚಿ ಕೆಡುತ್ತದೆ. ಇನ್ನೊಂದು, ಮೂರು ಕಡೆ ಷರಾ ಕಾಲಂನಲ್ಲಿ "ಕೊನೆಯ ಹಾಡು ಸೊರಗಿದೆ" ಎಂದು ಅಂಕ ಕಡಿದಿದ್ದೀರಿ. ಅದು ಹಾಡಿದವರ ತಪ್ಪಲ್ಲ. ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ, ಅಂಚಿನಲ್ಲೂ ಅಷ್ಟೇ, ಲೇಬಲಿನ ಹತ್ತಿರವೂ ಅಷ್ಟೇ. ಅಂಚಿನ ಸುತ್ತು ದೊಡ್ಡದಾದ್ದರಿಂದ ಅಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೀರು ಹಾದುಹೋಗುತ್ತದೆ. ಲೇಬಲಿನ ಹತ್ತಿರ ಬರುವಾಗ 20ರ ಆಸುಪಾಸು. ಅಷ್ಟೇ ನಾದವನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಬೇಕು, ಹಾಗಾಗಿ "ಸ" "ಶ"ಗಳು ಒಡೆದ ಹಾಗೆ ಕೇಳುತ್ತವೆ. ಮುಳ್ಳು ಸವೆದಿದ್ದರಂತೂ ಹೇಳುವುದೇ ಬೇಡ. ಮೊದಲು ಮುಳ್ಳು ಬದಲಾಯಿಸಿ, ಆಮೇಲೆ ಆ ಮೂವರಿಗೂ ನ್ಯಾಯ ಕೊಡಿ.

ನೀವು ಲೆಜರಿನಲ್ಲಿ ಪಕ್ಕವಾದ್ಯದವರ ಹೆಸರು ಬರೆಯದೆ ಇರುವುದಕ್ಕೆ ನಿಮ್ಮನ್ನು ಪೂರ್ತಿ ಬೈಯಲಾರೆ. ಕಚೇರಿ ಸಂಗೀತದ ಎಲ್‌ಪಿಗಳ ಬೆನ್ನಿನ ಮೇಲೆ ಪಿಟೀಲು ಯಾರು, ಮೃದಂಗ ಯಾರು ಎಂದು ಅಚ್ಚಾಗಿರುತ್ತದೆ, ನೋಡಿ ಬರೆದುಕೊಳ್ಳಬಹುದು. ನಮ್ಮ ಸಿನಿಮಾ ಪ್ಲೇಟುಗಳಲ್ಲಿ ನಾಯಕನ ಮುಖ ಕವರಿನ ತುಂಬ ಇರುತ್ತದೆ. ಪಲ್ಲವಿಗೂ ಚರಣಕ್ಕೂ ನಡುವೆ ಎದೆ ಹಿಂಡುವಂತೆ ಊದಿದ ಕೊಳಲಿನವನ ಹೆಸರನ್ನು ಎಲ್ಲೂ ಹಾಕಿರುವುದಿಲ್ಲ. ಎಷ್ಟೋ ಜನ ವಾದ್ಯಗಾರರು ಹೀಗೆ ಹೆಸರಿಲ್ಲದೆ ಹೋದರು. ಆ ಕೊಳಲಿಗೆ ನೀವು ನಿಮ್ಮ ಪುಸ್ತಕದಲ್ಲಿ ಪ್ರತ್ಯೇಕ ಒಂಬತ್ತು ಹಾಕಿದರೆ, ಅವನಿಗೆ ಸಿಕ್ಕ ಸನ್ಮಾನ ಅದೊಂದೇ ಆಗಿರಬಹುದು.

ಪ್ಲೇಟುಗಳ ಗತಿಯೂ ಹಾಗೇ. ಮಾವ ಹೋದಮೇಲೆ ಮನೆಯವರು ಇಡೀ ಸಂಗ್ರಹವನ್ನು ತೂಕಕ್ಕೆ ಹಾಕಿದರು. ಸುದ್ದಿ ತಿಳಿದು ಗುಜರಿ ಅಂಗಡಿಗೆ ಓಡಿದೆ. ಸಿಕ್ಕಿದ್ದು ಹನ್ನೊಂದು, ಅದರಲ್ಲಿ ಎರಡು ಬಿಸಿಲಿಗೆ ಹಪ್ಪಳದ ಹಾಗೆ ಸೊಟ್ಟಗಾಗಿದ್ದವು. ಮುಂದೊಮ್ಮೆ ನನ್ನ ಪ್ಲೇಟುಗಳನ್ನು ಯಾವುದಾದರೂ ಗ್ರಂಥಾಲಯಕ್ಕೆ ಕೊಡೋಣವೆಂದು ಒಂದು ಕಡೆ ವಿಚಾರಿಸಿದೆ. "ಪುಸ್ತಕ ಆದರೆ ಕೊಡಿ ಸಾರ್, ಪ್ಲೇಟು ಇಟ್ಕೊಂಡು ಏನ್ ಮಾಡಾಣ" ಅಂದರು. 1935ರಲ್ಲಿ ಪ್ರೊಫೆಸರ್ ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಹೂಡಿ ಅದನ್ನು "ಆಕಾಶವಾಣಿ" ಎಂದು ಕರೆದ ಊರು ಇದು. ಅಲ್ಲಿ ಕೇಳಬೇಕಾಗಿ ಬಂದ ಮಾತು ಅದು.

ಕೇಳುವುದನ್ನೇ ಬಿಟ್ಟಿದ್ದೇವೆ, ಅದಕ್ಕೇ ಹೀಗಾಗಿದೆ. ನಮ್ಮ ಎಂಟನೇ ಕ್ರಾಸಿನ ಗಣಪತಿ ಉತ್ಸವದ ಕಚೇರಿ ಮುಗಿಸಿ ಹೊರಟವರೊಬ್ಬರನ್ನು "ಹೇಗಿತ್ತು?" ಅಂದರೆ "ನಾಳೆ ಪೇಪರಿನಲ್ಲಿ ಏನು ಬರೀತಾರೋ ನೋಡೋಣ" ಅಂದರು. ಮೂರು ಗಂಟೆ ಕೂತು ಕೇಳಿದವರು! ಮೈಸೂರಿನಲ್ಲಿ ಹುಟ್ಟಿ ಬೆಳೆದವರು ಕೂಡ ದೋಸೆ ತಿನ್ನುವ ಮೊದಲು ಆ ಹೋಟೆಲಿಗೆ ಎಷ್ಟು ನಕ್ಷತ್ರ ಎಂದು ಫೋನು ತೆಗೆಯುತ್ತಾರೆ. ಮಕ್ಕಳಿಗೆ ಶಾಲೆಯಲ್ಲಿ ಬೇರೆಯವರು ಹಾಕಿದ ಅಂಕ, ದೊಡ್ಡವರಾದ ಮೇಲೆ ಬೇರೆಯವರು ಹಾಕಿದ ನಕ್ಷತ್ರ. ಹಾಡು ಹಿಡಿಸದಿದ್ದರೆ ಇಪ್ಪತ್ತು ಸೆಕೆಂಡಿಗೆ ಮುಂದಕ್ಕೆ ಒತ್ತಿಬಿಡುವ ಕೈಗೆ, ನಾಲ್ಕು ಅಂಕದ ಪ್ಲೇಟು ಹದಿನೈದು ವರ್ಷ ಕಾದು ಒಂಬತ್ತಾಗುವ ಸುಖ ಎಲ್ಲಿಂದ ಸಿಗಬೇಕು? ಇಂಥ ಕಾಲದಲ್ಲಿ ಮಂಡ್ಯದಲ್ಲೊಬ್ಬರು 412 ಪ್ಲೇಟು ಕೇಳಿ ತಮ್ಮ ಕೈಯಾರೆ ಬರೆದಿಟ್ಟಿದ್ದಾರೆ ಎಂದು ತಿಳಿದ ದಿನ ನನಗೆ ಎಷ್ಟು ಸಂತೋಷವಾಯಿತು ಅಂತ ಹೇಗೆ ಹೇಳಲಿ! ಅದಕ್ಕೇ ನಿಮ್ಮ ಮೇಲೆ ಇಷ್ಟು ಸಲಿಗೆ.

ಕೊನೆಗೆ ಒಂದು ಕೆಲಸ ಹಚ್ಚುತ್ತೇನೆ. ಮೂರನೇ ಪುಟದಲ್ಲಿ 217ನೇ ನಂಬರಿನ ಎದುರು "ಮೈಲ್ಸ್ ಡೇವಿಸ್, ಕೈಂಡ್ ಆಫ್ ಬ್ಲೂ, ಹಳೆಯ ಪ್ಲೇಟು, ಅಮೆರಿಕದಿಂದ ಬಂದದ್ದು. 3" ಎಂದಿದೆ. ಷರಾದಲ್ಲಿ "ಒಂದೇ ಸೈಡು ಕೇಳಿದೆ". 1959ರಲ್ಲಿ ಆ ಜಾಝ್ ಸಂಗೀತವನ್ನು ಮುದ್ರಿಸಿಕೊಂಡಾಗ ಮೊದಲನೇ ಸೈಡಿನ ಹೊತ್ತಿಗೆ ಟೇಪು ಮೆಷೀನು ಕೊಂಚ ನಿಧಾನ ಓಡುತ್ತಿತ್ತು. ಆದ್ದರಿಂದ ಪ್ಲೇಟಿನಲ್ಲಿ ಆ ಸೈಡು ಕೊಂಚ ವೇಗವಾಗಿ, ಶ್ರುತಿ ತುಸು ಏರಿ ಕೇಳುತ್ತದೆ. 1992ರಲ್ಲಿ ಸರಿಪಡಿಸುವ ತನಕ ಜಗತ್ತೆಲ್ಲ ಅದನ್ನು ಹಾಗೇ ಕೇಳಿ ಅಂಕ ಹಾಕಿತು. ನೀವು ಕೇಳಿರುವುದು ಆ ಸೈಡನ್ನೇ. ಎರಡನೆಯದು ಸರಿಯಾದ ವೇಗದಲ್ಲಿದೆ. ಅದರ ಕೊನೆಯ ರಚನೆಯಲ್ಲಿ ಐದು ಸ್ವರಶ್ರೇಣಿಗಳು ಒಂದರ ಹಿಂದೊಂದು ಬರುತ್ತವೆ, ಒಂದೊಂದರಲ್ಲೂ ನುಡಿಸುವವನು ತನಗೆ ಸಾಕೆನಿಸುವವರೆಗೆ ನಿಂತು ಮುಂದಕ್ಕೆ ಹೋಗುತ್ತಾನೆ. ರಾಗಮಾಲಿಕೆ ಹಾಡುವವರಿಗೆ ಇದು ಗುರುತು ಸಿಕ್ಕೀತು. ಬರುವ ಭಾನುವಾರ ಭಾವಮೈದುನರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಪ್ಲೇಟು ಮಗುಚಿ ಹಾಕಿ. ಮುಗಿಯುವ ತನಕ ಇಬ್ಬರೂ ಮಾತಾಡಬೇಡಿ. ಆಮೇಲೆ ಆ ಮೂರರ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಹೊಸ ಅಂಕ, ತಾರೀಕು. ಅವರ ಕೈಗೂ ಒಂದು ಪೆನ್ಸಿಲು ಕೊಡಿ. ಆ ಪುಟದ ಜೆರಾಕ್ಸನ್ನು ನನಗೆ ಕಳಿಸಿ.