ಬಿಲ್ಲಿನ ಮೇಲೆ 1953 ಅಂತ ಇದೆ, ಇದು ನಿಜಕ್ಕೂ ಅಪರೂಪದ ರಿಕರ್ವ್ ಬಿಲ್ಲಾ? ಬೆಲೆ ಎಷ್ಟು ಬರಬಹುದು?

ನಿಮ್ಮ ಪ್ರಶ್ನೆಯಲ್ಲಿರುವ ವಿವರ ಇಷ್ಟು. ಅಮೆರಿಕದ ಬೇರ್ ಆರ್ಚರಿ ಕಂಪನಿಯ ರಿಕರ್ವ್ ಬಿಲ್ಲು, ಅಂದರೆ ತುದಿಗಳು ಮುಂದಕ್ಕೆ ಬಾಗಿರುವ ಬಿಲ್ಲು, ಹೆಸರು ಕೊಡಿಯಾಕ್ ಹಂಟರ್, ಉದ್ದ 60 ಇಂಚು. ರೈಸರ್‌ನಲ್ಲಿ, ಅಂದರೆ ನಡುವಿನ ಮರದ ಹಿಡಿಯಲ್ಲಿ, ಹಿತ್ತಾಳೆಯ ನಾಣ್ಯ ಕೂರಿಸಿದ್ದಾರೆ. ಸೀರಿಯಲ್ ನಂಬರ್ 8ರಿಂದ ಶುರುವಾಗುತ್ತದೆ. ಲಿಂಬ್ ಮೇಲೆ, ಅಂದರೆ ಹಿಡಿಯ ಆಚೀಚೆ ಬಾಗುವ ತೋಳಿನ ಮೇಲೆ, ಪೇಟೆಂಟ್ ನಂಬರ್ ಪಕ್ಕದಲ್ಲಿ 'ಕೆನಡಾ 1953' ಅಂತ ಅಚ್ಚಾಗಿದೆ. ಮಾರುವವರು ಅದನ್ನೇ ತೋರಿಸಿ '1953ರ ಅಪರೂಪದ ಬಿಲ್ಲು' ಅನ್ನುತ್ತಿದ್ದಾರೆ.

ನೇರವಾಗಿ ಹೇಳಿಬಿಡುತ್ತೇನೆ. ಇದು 1953ರದ್ದಲ್ಲ, 1968ರದ್ದು. ಒಳ್ಳೆಯ ಬಿಲ್ಲು. ಆದರೆ ಅಪರೂಪದ್ದೇನಲ್ಲ.

ಆ 1953 ಬಹಳ ಜನರನ್ನು ದಾರಿ ತಪ್ಪಿಸಿದೆ. ಅದು ಕೆನಡಾದಲ್ಲಿ ಸಿಕ್ಕ ಪೇಟೆಂಟ್‌ನ ವರ್ಷ, ಅಷ್ಟೇ. ಅದರ ಜೊತೆಗಿರುವ 2,665,678 ಅನ್ನೋದು ಅಮೆರಿಕದ ಪೇಟೆಂಟ್ ನಂಬರ್. ಈ ಸಾಲನ್ನು ಬೇರ್ ಕಂಪನಿ 60ರ ದಶಕದ ಬಿಲ್ಲುಗಳ ಮೇಲೂ ಅಚ್ಚು ಹಾಕುತ್ತಲೇ ಇತ್ತು. ಹಾಗಾಗಿ '1953ರ ಬೇರ್ ಬಿಲ್ಲು' ಅಂತ ಮಾರಾಟಕ್ಕೆ ಬರುವುದರಲ್ಲಿ ಹೆಚ್ಚಿನವು ಹತ್ತು ಹದಿನೈದು ವರ್ಷ ಈಚಿನವು. ಮಾರುವವರು ಬೇಕಂತಲೇ ಸುಳ್ಳು ಹೇಳುತ್ತಿದ್ದಾರೆ ಅಂತಲ್ಲ. ಬಿಲ್ಲಿನ ಮೇಲೆ ಕಾಣುವ ಒಂದೇ ಇಸವಿ ಅದು, ಯಾರಾದರೂ ಅದನ್ನೇ ನಂಬುತ್ತಾರೆ, ಅಲ್ವಾ?

1968 ಅಂತ ನಾನು ಹೇಗೆ ಹೇಳಿದೆ? 1965ರಿಂದ 1969ರವರೆಗೆ ಬೇರ್ ಬಿಲ್ಲುಗಳ ಸೀರಿಯಲ್ ನಂಬರಿನ ಮೊದಲ ಅಂಕಿಯೇ ವರ್ಷದ ಕೊನೆಯ ಅಂಕಿ. 5 ಇದ್ದರೆ 65, 8 ಇದ್ದರೆ 68. ಆದರೆ ಈ ಲೆಕ್ಕ ಆ ಐದು ವರ್ಷಕ್ಕೆ ಮಾತ್ರ. ಅದಕ್ಕೇ ನಂಬರ್ ಒಂದನ್ನೇ ನೋಡಿ ತೀರ್ಮಾನ ಮಾಡಬಾರದು, ನಾಣ್ಯವೂ ಹೌದು ಅನ್ನಬೇಕು. ಮರದ ಮಟ್ಟಕ್ಕೆ ಸಮನಾಗಿ ನಾಣ್ಯ ಕೂರಿಸುವುದು 1959ರಲ್ಲಿ ಶುರುವಾಯಿತು. ಮೊದಲ ಕೆಲವು ವರ್ಷ ತಾಮ್ರ, ಅಲ್ಯೂಮಿನಿಯಂ, ಪ್ಯೂಟರ್ (ತವರದ ಮಿಶ್ರಲೋಹ) ಹೀಗೆ ಬದಲಾಗುತ್ತಾ ಹೋಯಿತು. 1963ರಿಂದ 1970ರವರೆಗೆ ಹಿತ್ತಾಳೆ. 1971 ಮತ್ತು 72ರಲ್ಲಿ ನಿಕಲ್ ಸಿಲ್ವರ್, ಅಂದರೆ ಬೆಳ್ಳಿಯಂತೆ ಕಾಣುವ ಮಿಶ್ರಲೋಹ. ಆಮೇಲೆ ಬಂದ ನಾಣ್ಯ ಮರದಿಂದ ಸ್ವಲ್ಪ ಮೇಲೆದ್ದು ಕೂರುತ್ತದೆ, ಬೆರಳಾಡಿಸಿದರೇ ಗೊತ್ತಾಗುತ್ತದೆ. ನಿಮ್ಮದರಲ್ಲಿ 8 ಇದೆ, ಹಿತ್ತಾಳೆ ಇದೆ, ಎರಡೂ ತಾಳೆಯಾಗುತ್ತವೆ.

ಊರಿನ ಹೆಸರೂ ಒಂದು ಸುಳಿವು. ಫ್ರೆಡ್ ಬೇರ್ 1933ರಲ್ಲಿ ಡೆಟ್ರಾಯಿಟ್‌ನಲ್ಲಿ ಕಂಪನಿ ಶುರು ಮಾಡಿದ. 1947ರಲ್ಲಿ ಮಿಷಿಗನ್‌ನ ಗ್ರೇಲಿಂಗ್‌ಗೆ ಹೋದ. 1978ರಲ್ಲಿ ಕಾರ್ಖಾನೆ ಫ್ಲೋರಿಡಾದ ಗೇನ್ಸ್‌ವಿಲ್‌ಗೆ ಹೋಯಿತು. ಬಿಲ್ಲಿನ ಮೇಲೆ ಗೇನ್ಸ್‌ವಿಲ್ ಅಂತ ಇದ್ದರೆ ಅದು 50, 60ರ ದಶಕದ್ದಾಗಲು ಸಾಧ್ಯವೇ ಇಲ್ಲ. ಸಂಗ್ರಾಹಕರು 'ಗ್ರೇಲಿಂಗ್ ಬಿಲ್ಲು' ಅಂತ ಒತ್ತಿ ಹೇಳುವುದು ಇದಕ್ಕೇ.

ಇನ್ನು ಬೆಲೆ. ಹಳೆಯದು ಅಂದ ತಕ್ಷಣ ಬೆಲೆ ಬರುವುದಿಲ್ಲ. 50ರ ದಶಕದಲ್ಲಿ ಫೈಬರ್‌ಗ್ಲಾಸ್ ಹಾಕಿದ ಲಿಂಬ್‌ಗಳು ಬಂದ ಮೇಲೆ ಅಮೆರಿಕದಲ್ಲಿ ರಿಕರ್ವ್ ಬಿಲ್ಲುಗಳನ್ನು ರಾಶಿ ರಾಶಿ ಮಾಡಿದರು. ಬೇರ್, ಬೆನ್ ಪಿಯರ್ಸನ್, ಶೇಕ್ಸ್‌ಪಿಯರ್, ಹರ್ಟರ್ಸ್, ವಿಂಗ್, ಹಾಯ್ಟ್, ಡೇಮನ್ ಹೊವಾಟ್, ಎಷ್ಟೊಂದು ಹೆಸರು! ಸಿಯರ್ಸ್‌ನಂಥ ಅಂಗಡಿಗಳೂ ತಮ್ಮ ಹೆಸರಿನಲ್ಲಿ ಮಾರುತ್ತಿದ್ದವು. ಗ್ಲಾಸ್ ಬೇಗ ಕೊಳೆಯುವ ವಸ್ತುವಲ್ಲ. ಹಾಗಾಗಿ ಅವುಗಳಲ್ಲಿ ಬಹಳಷ್ಟು ಇವತ್ತಿಗೂ ಇವೆ. ಬೆಲೆ ಏರುವುದು ಒಂದೇ ಸಂದರ್ಭದಲ್ಲಿ: ಮಾಡಿದ್ದು ಕಡಿಮೆ ಇರಬೇಕು, ಇಲ್ಲವೇ ಉಳಿದದ್ದು ಕಡಿಮೆ ಇರಬೇಕು, ಮತ್ತು ಅದನ್ನು ಬೇಕು ಅನ್ನುವವರು ಜಾಸ್ತಿ ಇರಬೇಕು. ಕೊನೆಯದ್ದನ್ನು ಜನ ಮರೆಯುತ್ತಾರೆ. ಯಾರಿಗೂ ಬೇಡವಾದ ಅಪರೂಪದ ಬಿಲ್ಲುಗಳೂ ಎಷ್ಟೋ ಇವೆ.

ನಿಜಕ್ಕೂ ಕಣ್ಣರಳಿಸಬೇಕಾದ ಕೆಲವನ್ನು ಹೇಳುತ್ತೇನೆ. 1950ರ ಹೊತ್ತಿನ, ಲಿಂಬ್ ಒಳಗೆ ಅಲ್ಯೂಮಿನಿಯಂ ಪಟ್ಟಿ ಇರುವ ಬೇರ್ ಬಿಲ್ಲುಗಳು ಒಂದು. ಬಳಸುವಾಗ ಅಂಟು ಬಿಟ್ಟು ಅಥವಾ ಮುರಿದು ಹಾಳಾಗಿದ್ದೇ ಹೆಚ್ಚು, ಅದಕ್ಕೇ ಹಾಳಾಗದೆ ಉಳಿದದ್ದಕ್ಕೆ ಬೆಲೆ. ಇನ್ನೊಂದು, 50ರ ದಶಕದ ಮೊದಲರ್ಧದ 'ಕಂಪಸ್ ಕೊಡಿಯಾಕ್' (ಕೊಡಿಯಾಕ್ ಬೇರೆ ಮಾದರಿ, ನಿಮ್ಮ ಕೊಡಿಯಾಕ್ ಹಂಟರ್ ಅಲ್ಲ). ಅದರ ಚರ್ಮದ ಹಿಡಿಯಲ್ಲೇ ಪುಟ್ಟ ದಿಕ್ಸೂಚಿ ಇರುತ್ತದೆ. ಬೇಟೆಗಾರನಿಗೆ ಬಿಲ್ಲಿನಲ್ಲೇ ದಾರಿ ತೋರಿಸುವ ಯೋಚನೆ! ಇದು ಕೈಗೆ ಸಿಕ್ಕರೆ ಬಿಡಬೇಡಿ. 1959ರ ಕೊಡಿಯಾಕ್‌ಗೆ ಅದರ ಚೆಲುವಿಗಾಗಿಯೇ ಅಭಿಮಾನಿಗಳಿದ್ದಾರೆ. ಗ್ರೇಲಿಂಗ್ ಕಾಲದ ಬೇರ್ ಟೇಕ್‌ಡೌನ್ ಕೂಡ ಹಾಗೇ. ಯಾವ ಉಪಕರಣವೂ ಬೇಡ, ಚಿಲಕ ಎತ್ತಿದರೆ ಲಿಂಬ್ ಕಳಚಿ ಬರುತ್ತದೆ. ಅದನ್ನು ಹುಡುಕುವವರು ಇವತ್ತಿಗೂ ಕಡಿಮೆಯಾಗಿಲ್ಲ, ಯಾಕೆಂದರೆ ಕೊಂಡವರು ಗೋಡೆಗೆ ನೇತುಹಾಕುವುದಿಲ್ಲ, ಬಾಣ ಬಿಡುತ್ತಾರೆ.

ಬೇರ್ ಬಿಟ್ಟರೆ ನನ್ನ ಮನಸ್ಸು ವಿಂಗ್ ಕಡೆಗೆ. ಬಾಬ್ ಲೀ ಟೆಕ್ಸಸ್‌ನ ಜಾಕ್ಸನ್‌ವಿಲ್‌ನಲ್ಲಿ ಮಾಡಿದ ಬಿಲ್ಲುಗಳು ಅವು. 1968ರಲ್ಲಿ ಕಂಪನಿ ಹೆಡ್ ಸ್ಕೀ ಅನ್ನೋ ಇನ್ನೊಂದು ಕಂಪನಿಯ ಕೈಗೆ ಹೋಯಿತು. ಪ್ರೆಸೆಂಟೇಷನ್ ಸರಣಿಯ ಬಿಲ್ಲುಗಳ ಮರಗೆಲಸ ನೋಡಿದರೆ ಇದನ್ನು ಎಳೆಯೋಕೇ ಮನಸ್ಸು ಬರಲ್ಲ. ಹಾಯ್ಟ್ ಪ್ರೊ ಮೆಡಲಿಸ್ಟ್‌ನಂಥ ಗುರಿಯಾಟದ ಬಿಲ್ಲುಗಳೂ ಹಾಗೆಯೇ ಚಂದ. ಆದರೆ ಅವು ಉದ್ದ, ತೂಕವೂ ಜಾಸ್ತಿ. ಹಳೆ ಬಿಲ್ಲು ಕೊಳ್ಳುವವರಲ್ಲಿ ಬೇಟೆಯ ಬಿಲ್ಲು ಬೇಕೆನ್ನುವವರೇ ಹೆಚ್ಚು. ಹೀಗಾಗಿ ಎಷ್ಟೇ ಚಂದವಿದ್ದರೂ ಗುರಿಯಾಟದ ಬಿಲ್ಲು ಎಷ್ಟೋ ಸಲ ಕಡಿಮೆಗೆ ಹೋಗುತ್ತದೆ. ಇದು ಅನ್ಯಾಯ ಅಂತ ನನಗನ್ನಿಸುತ್ತದೆ, ಕೊಳ್ಳುವಾಗ ಮಾತ್ರ ಖುಷಿಯಾಗುತ್ತದೆ.

ಈಗ ನಿಮ್ಮ ಬಿಲ್ಲಿಗೆ ಬರೋಣ. ಕೊಡಿಯಾಕ್ ಹಂಟರ್ ಬಹಳ ಮಾರಾಟವಾದ ಮಾದರಿ. ಅದರ ಬೆಲೆ ಪೂರ್ತಿ ನಿಂತಿರುವುದು ಸ್ಥಿತಿಯ ಮೇಲೆ. ದುಡ್ಡು ಕೊಡುವ ಮೊದಲು ಒಳ್ಳೆಯ ಬೆಳಕಿನಲ್ಲಿ ನಿಧಾನವಾಗಿ ನೋಡಿ.

ಮೊದಲು ಲಿಂಬ್. ಅಂಟಿಸಿದ ಪದರಗಳ ಪಕ್ಕದ ಗೆರೆಯನ್ನು ಉಗುರಿನಿಂದ ಸವರಿ. ಎಲ್ಲಾದರೂ ಬಾಯಿ ಬಿಟ್ಟಿದ್ದರೆ ಆ ಬಿಲ್ಲು ಗೋಡೆಗೆ ಮಾತ್ರ, ಎಳೆಯಲು ಹೋಗಬೇಡಿ. ಬೇಸಿಗೆಯಲ್ಲಿ ಮುಚ್ಚಿದ ಕಾರಿನಲ್ಲಿ ಇಟ್ಟ ಬಿಲ್ಲುಗಳಿಗೆ ಹೀಗಾಗುವುದು ಹೆಚ್ಚು, ಬಿಸಿಗೆ ಅಂಟು ಸೋಲುತ್ತದೆ. ಆಮೇಲೆ ಗ್ಲಾಸ್ ಮೇಲಿನ ಗೆರೆಗಳು. ಉದ್ದಕ್ಕೆ ಕಾಣುವ ಸಣ್ಣ ಗೆರೆಗಳು, ವಾರ್ನಿಷ್ ಮೇಲಿನ ಜೇಡರ ಬಲೆಯಂಥ ಬಿರುಕು, ಇವು ಸಾಮಾನ್ಯವಾಗಿ ಮೇಲ್ಮೈಯಷ್ಟೇ. ಅಡ್ಡಕ್ಕೆ ಹೋದ ಗೆರೆ ಉಗುರಿಗೆ ತಾಗಿದರೆ ಅಪಾಯ.

ಮುಂದಿನದು ತಿರುಚು. ಹೆದೆ ಏರಿಸಿ, ಬಿಲ್ಲನ್ನು ಮುಖದ ಮುಂದೆ ಹಿಡಿದು, ಹೆದೆಯ ನೇರಕ್ಕೆ ಕಣ್ಣಿಟ್ಟು ನೋಡಿ. ಎರಡೂ ಲಿಂಬ್‌ಗಳ ನಡುಮಧ್ಯದಲ್ಲಿ ಹೆದೆ ಹಾದುಹೋಗಬೇಕು. ಒಂದು ಲಿಂಬ್ ಪಕ್ಕಕ್ಕೆ ವಾಲಿದ್ದರೆ ತಿರುಚಿದೆ ಅಂತ. ಕಾಲಿನ ನಡುವೆ ತೂರಿಸಿ ಹೆದೆ ಏರಿಸುವ ಹಳೆ ಅಭ್ಯಾಸ, ಮೂಲೆಯಲ್ಲಿ ಒರಗಿಸಿ ವರ್ಷಗಟ್ಟಲೆ ಬಿಡುವುದು, ಎರಡೂ ಇದಕ್ಕೆ ಕಾರಣ. ತಿರುಚು ಸ್ವಲ್ಪ ಇದ್ದರೆ ಅನುಭವ ಇದ್ದವರು ಸರಿ ಮಾಡುತ್ತಾರೆ. ಪದರ ಬಿಟ್ಟದ್ದಕ್ಕೆ ಅಂಥ ಸುಲಭದ ದಾರಿಯಿಲ್ಲ. ಹೆದೆ ಏರಿಸುವುದಕ್ಕೆ ಸ್ಟ್ರಿಂಗರ್ ಹಗ್ಗವನ್ನೇ ಬಳಸಿ. ಬಾಣವಿಲ್ಲದೆ ಸುಮ್ನೆ ಎಳೆದು ಬಿಡುವ ಕೆಲಸ ಮಾತ್ರ ಬೇಡ, ಒಂದೇ ಸಲಕ್ಕೆ ಲಿಂಬ್ ಒಡೆಯಬಹುದು.

ಹೆದೆ ಕೂರುವ ತುದಿಯ ಕಚ್ಚುಗಳನ್ನೂ ನೋಡಿ. ಹಳೆ ಬಿಲ್ಲಿನ ತುದಿಗಳು ಡೇಕ್ರಾನ್ ಹೆದೆಗೆ, ಅಂದರೆ ಸ್ವಲ್ಪ ಹಿಗ್ಗುವ ಪಾಲಿಯೆಸ್ಟರ್ ನೂಲಿಗೆ, ಮಾಡಿದವು. ಫಾಸ್ಟ್ ಫ್ಲೈಟ್ ಥರದ, ಹಿಗ್ಗದ ಹೆದೆಗಳು 80ರ ದಶಕದಲ್ಲಿ ಬಂದವು. ಅದನ್ನು ಹಾಕಿ ಹೊಡೆದಿದ್ದರೆ ಕಚ್ಚು ಕೊರೆದುಹೋಗಿರುತ್ತದೆ, ಕೆಲವೊಮ್ಮೆ ತುದಿಯೇ ಸೀಳಿರುತ್ತದೆ. ಮಾರುವವರು 'ಹೊಸ ಹೆದೆ ಹಾಕಿದ್ದೇನೆ' ಅಂದರೆ ಯಾವ ನೂಲು ಅಂತ ತಪ್ಪದೆ ಕೇಳಿ.

ರೈಸರ್‌ನಲ್ಲಿ ತೂತುಗಳನ್ನು ಹುಡುಕಿ. ಗುರಿ ಪಿನ್ನು ಅಥವಾ ಬತ್ತಳಿಕೆ ಹಾಕಲು ಮಾಲೀಕರು ಸ್ಕ್ರೂ ಕೊರೆದಿರುತ್ತಾರೆ. ಬಾಣ ಹೊಡೆಯುವುದಕ್ಕೆ ಅದರಿಂದ ತೊಂದರೆಯಿಲ್ಲ, ಸಂಗ್ರಹದ ಬೆಲೆ ಮಾತ್ರ ಇಳಿಯುತ್ತದೆ. ಕಾರ್ಖಾನೆಯಲ್ಲೇ ಕೂರಿಸಿದ ಲೋಹದ ಬುಷ್ ಬೇರೆ ವಿಷಯ, ಅದು ದೋಷವಲ್ಲ. ಮತ್ತೆ ವಾರ್ನಿಷ್. ಉಜ್ಜಿ ಹೊಸದಾಗಿ ಮೆರುಗು ಹಾಕಿದ ಬಿಲ್ಲು ಫೋಟೊದಲ್ಲಿ ಥಳಥಳ ಅನ್ನುತ್ತದೆ, ಆದರೆ ಅಚ್ಚಿನ ಅಕ್ಷರಗಳು ಅಳಿಸಿರುತ್ತವೆ ಅಥವಾ ಹೊಸ ಸ್ಟಿಕ್ಕರ್ ಅಂಟಿಸಿರುತ್ತಾರೆ. ಮಾಸಿದ್ದರೂ ಮೂಲ ಮೆರುಗೇ ಇರುವ ಬಿಲ್ಲಿಗೆ ನಾನು ಹೆಚ್ಚು ಕೊಡುತ್ತೇನೆ. ನೀವು ಕೊಂಡ ಮೇಲೆ ಚೆನ್ನಾಗಿ ಕಾಣಲಿ ಅಂತ ಮರಳು ಕಾಗದ ಹಿಡಿಯಬೇಡಿ, ದಯವಿಟ್ಟು!

ಎಳೆತದ ತೂಕವೂ, ಅಂದರೆ ಬಿಲ್ಲು ಎಳೆಯಲು ಬೇಕಾದ ಬಲವೂ, ಬೆಲೆಯನ್ನು ಕುಣಿಸುತ್ತದೆ. ಲಿಂಬ್ ಮೇಲೆ ಬರೆದಿರುವ ಪೌಂಡು 28 ಇಂಚು ಎಳೆದಾಗಿನದು. ಬೇರ್ ಬಿಲ್ಲಿನಲ್ಲಿ 45 ಆದ ಮೇಲೆ ಒಂದು ಎಕ್ಸ್ ಅಕ್ಷರ ಇದ್ದರೆ 45ಕ್ಕಿಂತ ಸ್ವಲ್ಪ ಹೆಚ್ಚು ಅಂತ ಅರ್ಥ. 40ರಿಂದ 50 ಪೌಂಡಿನವು ಬೇಗ ಮಾರಾಟವಾಗುತ್ತವೆ. 60 ದಾಟಿದರೆ ಎಳೆಯುವ ತೋಳುಗಳು ಕಡಿಮೆ, ಗಿರಾಕಿಗಳೂ ಕಡಿಮೆ. ಎಡಗೈಯವರ ಬಿಲ್ಲು ಸಿಗುವುದು ಕಷ್ಟ, ಕೊಳ್ಳುವವರು ಸಿಗುವುದು ಅದಕ್ಕಿಂತ ಕಷ್ಟ.

ಬೆಲೆ ತಿಳಿಯಲು ಜನ ಕೇಳುತ್ತಿರುವ ಮೊತ್ತ ನೋಡಬೇಡಿ. ಯಾರು ಎಷ್ಟು ಬೇಕಾದರೂ ಕೇಳಬಹುದು. ಇಬೇಯಲ್ಲಿ ಮಾರಾಟವಾದವುಗಳನ್ನಷ್ಟೇ ತೋರಿಸುವ ಫಿಲ್ಟರ್ ಹಾಕಿ, ಅದೇ ಮಾದರಿ, ಹತ್ತಿರದ ಪೌಂಡು, ಅದೇ ಕೈಯ ಬಿಲ್ಲುಗಳನ್ನು ಹೋಲಿಸಿ. ಸಾಗಣೆ ಖರ್ಚು ಸೇರಿಸುವುದು ಮರೆಯಬೇಡಿ, ಉದ್ದನೆಯ ಕೊಳವೆಯಲ್ಲಿ ಕಳಿಸಬೇಕಾದ್ದರಿಂದ ಅದೇ ದೊಡ್ಡ ಮೊತ್ತವಾಗುತ್ತದೆ. ಒಂದು ಎಚ್ಚರಿಕೆ: ಆ ಕಾಲದ ಕೆಲವು ರೈಸರ್‌ಗಳು ಬ್ರೆಜಿಲ್‌ನ ರೋಸ್‌ವುಡ್‌ನವು. ಆ ಮರ 1992ರಿಂದ ಸೈಟಿಸ್, ಅಂದರೆ ಅಳಿವಿನಂಚಿನ ಜೀವಿ-ಸಸ್ಯಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದದ, ಮೊದಲ ಪಟ್ಟಿಯಲ್ಲಿದೆ. ದೇಶದ ಗಡಿ ದಾಟಿಸಬೇಕಾದರೆ ಕಾಗದಪತ್ರ ಬೇಕು, ಇಲ್ಲದಿದ್ದರೆ ಕಸ್ಟಮ್ಸ್‌ನಲ್ಲಿ ಬಿಲ್ಲು ಹೋದಂತೆಯೇ.

ನನ್ನನ್ನು ಕೇಳಿದರೆ, ಮಾರುವವರಿಗೆ ನಂಬರಿನ ಮತ್ತು ನಾಣ್ಯದ ವಿಷಯ ಜಗಳವಿಲ್ಲದೆ ತಿಳಿಸಿ, 1968ರ ಕೊಡಿಯಾಕ್ ಹಂಟರ್‌ನ ಬೆಲೆಗೆ ಕೇಳಿ. ಒಪ್ಪಿದರೆ, ಲಿಂಬ್ ನೆಟ್ಟಗಿದ್ದರೆ, ಧಾರಾಳವಾಗಿ ಕೊಳ್ಳಿ. ಬಾಣ ಬಿಡಲು ಸೊಗಸಾದ ಬಿಲ್ಲು ಅದು. 1953ರ ಬೆಲೆಯೇ ಬೇಕು ಅಂತ ಹಟ ಹಿಡಿದರೆ ಬಿಟ್ಟು ಬನ್ನಿ, ಇಂಥದ್ದು ಮತ್ತೆ ಸಿಗುತ್ತದೆ. ನೋಡಲು ಹೋದಾಗ ಹೆದೆ ಏರಿಸಿದ ಬಿಲ್ಲಿನ ನೇರ ಫೋಟೊ, ಎರಡೂ ತುದಿಗಳ ಫೋಟೊ, ನಂಬರ್ ಇರುವ ಜಾಗದ ಫೋಟೊ ತೆಗೆದು ಇಲ್ಲೇ ಹಾಕಿ. ತಿರುಚು ಇದೆಯಾ ಇಲ್ಲವಾ ಅಂತ ನೋಡಿ ಹೇಳುತ್ತೇನೆ.