ಬಸ್ಸಿನೊಳಗಿನ ಲ್ಯಾಟಿನ್

ಪ್ರಶ್ನೆ: ಗದಗಿನಿಂದ ದಿನಾ ಹುಬ್ಬಳ್ಳಿಗೆ ಕೆಲಸಕ್ಕೆ ಹೋಗಿ ಬರ್ತೀನಿ. ‘ಬಸ್’ ಲ್ಯಾಟಿನ್ ಶಬ್ದ, ‘ಸ್ಯಾಲರಿ’ ಅಂದ್ರೆ ರೋಮಿನ ಸೈನಿಕರಿಗೆ ಕೊಡ್ತಿದ್ದ ಉಪ್ಪು ಅಂತ ಜೊತೆಗೆ ಕೆಲಸ ಮಾಡೋರೊಬ್ಬರು ಹೇಳಿದರು. ಎರಡೂ ಖರೇನಾ ಸರ್?
– ಓದುಗರೊಬ್ಬರು, ಗದಗ

ಉತ್ತರ: ಬಸ್ಸಿನ ಮಾತು ಖರೆ. ಉಪ್ಪಿನದು ಅರ್ಧ ಮಾತ್ರ.

ಪೂರ್ತಿ ಶಬ್ದ ‘ಆಮ್ನಿಬಸ್’. ಲ್ಯಾಟಿನ್ನಿನಲ್ಲಿ ‘ಎಲ್ಲರಿಗೂ’ ಅಂತ ಅರ್ಥ. 1820ರ ದಶಕದಲ್ಲಿ ಫ್ರಾನ್ಸಿನಲ್ಲಿ ಯಾರು ಬೇಕಾದರೂ ದುಡ್ಡು ಕೊಟ್ಟು ಹತ್ತಬಹುದಾದ ಕುದುರೆಗಾಡಿಗೆ ಈ ಹೆಸರು ಬಿತ್ತು, 1829ರಲ್ಲಿ ಜಾರ್ಜ್ ಶಿಲಿಬೀರ್ ಎಂಬಾತ ಅಂಥದ್ದನ್ನು ಲಂಡನ್ನಿನಲ್ಲಿ ಓಡಿಸಿದ – ಮೂರು ಕುದುರೆ, 22 ಜನಕ್ಕೆ ಜಾಗ. ಹೆಸರು ಉದ್ದ ಆಯ್ತು ಅಂತ ಜನ ಕತ್ತರಿಸಿದರು. ಆದರೆ ಉಳಿಸಿಕೊಂಡಿದ್ದು ಯಾವ ತುಂಡು ನೋಡಿ! ‘ಎಲ್ಲ’ ಅನ್ನೋ ಅರ್ಥ ಇದ್ದದ್ದು ‘ಆಮ್ನಿ’ಯ ಕಡೆ, ‘ಬಸ್’ ಬರೀ ವಿಭಕ್ತಿ ಪ್ರತ್ಯಯದ ಬಾಲ. ನಾವು ‘ಎಲ್ಲರಿಗೂ’ ಅನ್ನೋದರಲ್ಲಿ ‘ಎಲ್ಲ’ ಬಿಟ್ಟು, ಸ್ಟ್ಯಾಂಡಿನಲ್ಲಿ ನಿಂತು ‘ಗದಗಿನ ರಿಗೂ ಬಂತೇನ್ರಿ?’ ಅಂತ ಕೇಳಿದ ಹಾಗೆ. ನನಗಂತೂ ಇಡೀ ಇಂಗ್ಲಿಷಿನಲ್ಲಿ ಇದಕ್ಕಿಂತ ಚೆಂದದ ಶಬ್ದ ಇನ್ನೊಂದಿಲ್ಲ.

ಇನ್ನು ಸ್ಯಾಲರಿ. ಲ್ಯಾಟಿನ್ನಿನ ‘ಸಲಾರಿಯುಂ’ನಿಂದ ಬಂದದ್ದು, ಅದರೊಳಗೆ ‘ಸಾಲ್’ ಅಂದರೆ ಉಪ್ಪು ಇರೋದೂ ನಿಜ. ಆದರೆ ಸೈನಿಕರಿಗೆ ಉಪ್ಪನ್ನೇ ಅಳೆದು ಕೊಡ್ತಿದ್ದರು ಅನ್ನೋದಕ್ಕೆ ಆ ಕಾಲದ ಬರಹಗಳಲ್ಲಿ ಆಧಾರ ಸಿಕ್ಕಿಲ್ಲ. ಅವರಿಗೆ ಸಿಗ್ತಿದ್ದದ್ದು ನಾಣ್ಯ. ಅದಿರಲಿ, ನಮ್ಮ ‘ಸಂಬಳ’ ನೋಡಿ. ಸಂಸ್ಕೃತದ ‘ಶಂಬಲ’ ಅಂದರೆ ದಾರಿಬುತ್ತಿ. ಅಲ್ಲಿ ಉಪ್ಪು, ಇಲ್ಲಿ ಬುತ್ತಿ, ಎರಡೂ ಊಟಕ್ಕೇ ಸಂಬಂಧಪಟ್ಟವು ಅಲ್ವಾ? ನೀವು ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಬಸ್ ಹತ್ತುವಾಗ ಇದನ್ನ ನೆನಪಿಸಿಕೊಳ್ಳಿ.

ಹುಬ್ಬಳ್ಳಿ ‘ಜಂಕ್ಷನ್’ ಕೂಡ ಲ್ಯಾಟಿನ್ನೇ. ಕೂಡಿಸು ಅನ್ನೋ ‘ಯುಂಗೆರೆ’ಯಿಂದ ಬಂದದ್ದು. ನಮ್ಮ ‘ಯೋಗ’, ‘ಸಂಯೋಗ’ದಲ್ಲಿರೋ ಸಂಸ್ಕೃತದ ‘ಯುಜ್’ ಇದರ ಅಕ್ಕತಂಗಿ ಇದ್ದ ಹಾಗೆ. ಇವರಿಂದ ಅವರು, ಅವರಿಂದ ಇವರು ತಗೊಂಡದ್ದಲ್ಲ, ಇಬ್ಬರದೂ ಒಂದೇ ತವರು. ಕಂಡಕ್ಟರ್ ಅಂದರೆ ಜೊತೆಗೆ ಕರೆದುಕೊಂಡು ಹೋಗುವವನು, ಅದೂ ಲ್ಯಾಟಿನ್. ಅವರು ಹರಿದು ಕೊಡೋ ಟಿಕೆಟ್ ಮಾತ್ರ ಲ್ಯಾಟಿನ್ ಅಲ್ಲ. ಅದು ಹಳೆ ಫ್ರೆಂಚಿನಿಂದ ಬಂದದ್ದು, ಮೊದಲು ಅಂಟಿಸೋ ಚೀಟಿ ಅಂತ ಅರ್ಥ ಇತ್ತು.